ಗುಂಡನ ಕೊಂಬು

ಕಲ್ಲುಗಳಿಗೆ ಇನ್ನೂ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ ಒಬ್ಬ ರಾಜ ಇದ್ದನಂತೆ. ಒಂಟೆತ್ತಿನ ಗಾಡಿ ಕಟ್ಟಿಕೊಂಡು ದೂರದ ಸೀಮೆಗೆ ಹೋದವನು ಬರುವ ದಾರಿಯಲ್ಲೇ ಉಸಿರು ಬಿಟ್ಟನಂತೆ. ಎತ್ತಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಆದರೂ ಅದು ನಡೆದೂ ನಡೆದೂ ರಾಜನನ್ನು ಅರಮನೆಯ ಬಾಗಿಲಿಗೆ ತಂದು ನಿಲ್ಲಿಸಿತಂತೆ. ರಾಣಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿಟ್ಟು, ಇನ್ನು ನನ್ನ ಮುಡಿಗೆ ಇವನ ಕೊಂಬೊಂದೇ ಸಾಕು ಅಂದಳಂತೆ.

"ಆಮೇಲೆ?" ಎಂದಳು ಚಿಕ್ಕಗೌರಮ್ಮ, ಕೈಯಲ್ಲಿದ್ದ ಕೊಂಬಿನಿಂದ ಕಣ್ಣೆತ್ತದೆ.

"ಆಮೇಲೇನು, ರಾಣಿ ಕಾಯ್ತಾ ಕೂತವ್ಳೆ. ಕೆಲ್ಸದೋಳು ಇನ್ನೂ ಉಜ್ತಾನೇ ಅವ್ಳೆ," ಎಂದಳು ಅಜ್ಜಿ ತಿಮ್ಮಕ್ಕ.

ಮೊಮ್ಮಗಳು ಗೌರಿ ನಕ್ಕಳು. ಚಿಕ್ಕಂದಿನಲ್ಲಿ ಅವಳು, ಊರಾಚೆಯ ಹಳೇ ಕಲ್ಲುಗುಡಿಯ ಗೋಡೆಯಲ್ಲಿ ಕನ್ನಡಿ ಹಿಡಿದು ನಿಂತ ಹೆಂಗಸೇ ಆ ರಾಣಿ ಎಂದು ನಂಬಿದ್ದಳು. ಕಲ್ಲಿನ ತುರುಬಿನಲ್ಲಿ ಅರ್ಧಚಂದ್ರದ ತಲೆಯ ಒಂದು ಕಡ್ಡಿ ಇತ್ತು. ನಿಜವಾದ ರಾಣಿ ಯಾರೆಂದು ತಿಳಿದದ್ದು ಅಟ್ಟದ ಮೇಲೆ, ಕೊಬ್ಬರಿಗೆ ಬಿಟ್ಟ ಕಾಯಿಗಳ ನಡುವೆ, ಹಳೇ ಸೀರೆಯಲ್ಲಿ ಸುತ್ತಿಟ್ಟ ಎತ್ತಿನ ಕೊಂಬು ಸಿಕ್ಕ ದಿನ. ತಾತ ಕೆಂಚಪ್ಪ ಹುಳಿಯಾರು ಸಂತೆಯಿಂದ ಬರುವಾಗ ಗಾಡಿಯಲ್ಲೇ ಹೋಗಿಬಿಟ್ಟಿದ್ದ. ಅವನ ಎತ್ತು ಗುಂಡ, ಹಗ್ಗ ಹಿಡಿಯುವವರಿಲ್ಲದೆ ತಮ್ಮೂರು ಕಂದಿಕೆರೆಯ ತನಕ ನಡೆದು, ಮನೆ ಮುಂದೆ ನಿಂತು, ಅಜ್ಜಿ ಬಾಗಿಲು ತೆರೆಯುವವರೆಗೂ ಕದಲಿರಲಿಲ್ಲ. ಮುಂದೆ ಗುಂಡ ವಯಸ್ಸಾಗಿ ಸತ್ತಾಗ ಅಜ್ಜಿ ಅವನ ಕಿವಿಯ ಹತ್ತಿರ ಬಗ್ಗಿ ಅಂದಿದ್ದಳು: "ನಿನ್ನ ಪೂರ್ತಿ ಮಣ್ಣಿಗೆ ಬುಡಾಕಿಲ್ಲ ಕಣಪ್ಪ. ತಲೆ ಮೇಲೆ ಇಕ್ಕೊತೀನಿ."

"ನಾನು ಮಾಡ್ಕೊಡ್ತೀನಜ್ಜಿ. ಕಲ್ಲುರಾಣಿದು ಇದ್ದಂಗೇ," ಎಂದು ಗೌರಿ ಅಟ್ಟದ ಮೇಲಿಂದಲೇ ಮಾತು ಕೊಟ್ಟಿದ್ದಳು.

ಮಾತು ಕೊಟ್ಟಷ್ಟು ಸುಲಭಕ್ಕೆ ಕೆಲಸ ಬರಲಿಲ್ಲ. ಬಾಚಣಿಗೆ ಮಾಡುವ ಮಾರಯ್ಯನ ಜಗುಲಿಯಲ್ಲಿ ಕೂತು ಕಲಿತಳು. ಕೊಂಬಿಗೆ ಎಣ್ಣೆ ಸವರಿ ಕೆಂಡದ ಕಾವಿಗೆ ಹಿಡಿದರೆ ಅದು ಮೆತ್ತಗಾಗುತ್ತದೆ. ಅವಸರ ಮಾಡಿದರೆ ಎಳೆ ಎಳೆಯಾಗಿ ಸೀಳುತ್ತದೆ. ಎಮ್ಮೆ ಕೊಂಬಿನಲ್ಲಿ ಗುಡಿಯ ಹೆಂಗಸರ ವಾಲೆ, ಬಳೆ, ತೋಳಿನ ಕಟ್ಟು ಎಲ್ಲ ಕೆತ್ತಿದಳು. ಮುರಿದವೇ ಹೆಚ್ಚು. ಉಳಿದವನ್ನು ಊರಿನ ಹುಡುಗಿಯರು ಹಾಕಿಕೊಂಡು ತಿರುಗಿದರು. ಆದರೂ ಗುಂಡನ ಕೊಂಬಿಗೆ ಗರಗಸ ಇಡಲು ಕೈ ಬರುತ್ತಿರಲಿಲ್ಲ. ಸೀಳಿದರೆ ಇನ್ನೊಂದಿಲ್ಲ. ಈ ವರ್ಷ ಅಜ್ಜಿಯೇ ಒತ್ತಾಯ ಮಾಡಿದಳು: "ಮುಂದಿನ ಸಂಕ್ರಾಂತಿಗೆ ತಲೇಲಿ ಕೂದ್ಲೇ ಇರಾಕಿಲ್ಲ. ಆಮೇಲೆ ಎಲ್ಲಿಗೆ ಸಿಗಿಸೀಯೇ?"

ಕೊನೆಗೂ ಗರಗಸ ಇಟ್ಟು ಕಡ್ಡಿ ಕೆತ್ತಿದ ಮೇಲೆ, ಅದರ ತಲೆಗೆ ಕಟ್ಟುವ ಬೆಳ್ಳಿಗೆ ಏನು ಮಾಡುವುದೆಂದು ಗೌರಿ ಯೋಚಿಸುತ್ತಿದ್ದಾಗ, ತಿಮ್ಮಕ್ಕ ಎಲೆಅಡಿಕೆ ಚೀಲದ ಒಳಪದರದಿಂದ ತನ್ನ ಕಾಲುಂಗುರಗಳನ್ನು ತೆಗೆದುಕೊಟ್ಟಳು. ಕೆಂಚಪ್ಪ ಹೋದ ದಿನ ಬಿಚ್ಚಿದವು. ಹುಳಿಯಾರಿನ ಅಕ್ಕಸಾಲಿ ಶ್ರೀರಂಗಯ್ಯ ಅವನ್ನು ತೆಂಗಿನ ಚಿಪ್ಪಿನ ಕೆಂಡದಲ್ಲಿ ಕರಗಿಸಿ, ಬಡಿದು, ಒಂದು ತೆಳು ಪಟ್ಟಿ ಮಾಡಿಕೊಟ್ಟಿದ್ದ.

"ಅದ್ರ ಮೇಲೆ ಹೆಸ್ರು ಬೇಕು ಕಣೇ. ನಿಮ್ಮ ತಾತನ್ದು ಬ್ಯಾಡ, ಅವ್ರ ಹೆಸ್ರು ನಾನು ಬಾಯಲ್ಲೂ ಹೇಳಾಕಿಲ್ಲ. ಗುಂಡನ್ದು ಹಾಕು. ನಾನೇ ಓದ್ಬೇಕು."

ಅಜ್ಜಿ ಓದುಬರಹ ಕಲಿತದ್ದು ಹೋದ ವರ್ಷ, ಊರಿನ ರಾತ್ರಿಶಾಲೆಯಲ್ಲಿ. ಗ ಅಕ್ಷರದ ಪಕ್ಕ ಬಾಲದಂತೆ ಬರೆಯುವ ಗೆರೆಗೂ ಕೊಂಬು ಎನ್ನುತ್ತಾರೆ, ಅದನ್ನು ಕೊಟ್ಟರೆ ಗ ಹೋಗಿ ಗು ಆಗುತ್ತದೆ ಎಂದು ಮನೆಯಲ್ಲಿ ಗೌರಿ ಹೇಳಿಕೊಟ್ಟಾಗ, "ಅಕ್ಷರಕ್ಕೂ ಕೊಂಬೇನೇ? ಹಾಯ್ತದಾ?" ಎಂದು ಸ್ಲೇಟನ್ನು ದೂರ ಹಿಡಿದಿದ್ದಳು.

ಅಡುಗೆಮನೆಯಲ್ಲಿ ಎಳ್ಳು ಹುರಿಯುತ್ತಿದ್ದ ಗೌರಿಯ ಅವ್ವ ರಂಗಮ್ಮ ಹೊರಗೆ ಇಣುಕಿದಳು. "ಅತ್ತೆಮ್ಮ, ನಾಳೆ ಎಳ್ಳು ಬೀರಾಕೆ ಹೆಂಗಸ್ರೆಲ್ಲ ಬತ್ತಾರೆ. ನೀವು ತುರುಬಿಗೆ ಬೆಳ್ಳಿ ಸಿಗಿಸ್ಕೊಂಡು ಕೂತಿದ್ರೆ ಏನಂದ್ಕೊಂಡಾರು?"

"ಎತ್ತಿನ ಕೊಂಬಿಗೆ ಬಣ್ಣ ಬಳೀತೀರಲ್ಲ, ಅದ್ಕೆ ಏನಾರ ಅಂದ್ಕೊತಾರಾ?"

"ನೀವೇನು ಎತ್ತಾ?"

"ಈ ಮನೆಗೆ ಬಂದ್ಮೇಲೆ ಇನ್ನೇನಾಗಿದ್ದೆ ನಾನು?"

ರಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಗು ಮಾತ್ರ ಹೊರಗೇ ಕೇಳಿಸಿತು.

ಮರುದಿನ ಹಬ್ಬ. ಮನೆಯವರು ಎತ್ತುಗಳ ಮೈ ತೊಳೆಯುತ್ತಿದ್ದಾಗ ಗೌರಿ ಹಿತ್ತಲಿನಲ್ಲಿ ಕೂತು ಪಟ್ಟಿಯ ಮೇಲೆ ಚಿಕ್ಕ ಉಳಿಯಿಂದ ಅಕ್ಷರ ಕೊರೆದಳು. ಕೈ ಕೊರೆಯುತ್ತಿತ್ತು, ಮನಸ್ಸು ಒಂಟಿ ಗಾಡಿಯ ಹಿಂದೆ ಹುಳಿಯಾರಿನ ದಾರಿಯಲ್ಲಿತ್ತು. ಪಟ್ಟಿಯನ್ನು ಕೊಂಬಿನ ಅರ್ಧಚಂದ್ರಕ್ಕೆ ಬಾಗಿಸಿ, ಬೆಳ್ಳಿಯ ಸಣ್ಣ ಮೊಳೆಗಳಿಂದ ಬಿಗಿದಳು. ಕೊಂಬು ಸೀಳಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದಾಗ ಅದರೊಳಗಿನ ಜೇನುಬಣ್ಣದ ಎಳೆಗಳು ಕಂಡವು.

ತಿಮ್ಮಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಆಮೇಲೆ ಬೆರಳಿಟ್ಟು ಓದತೊಡಗಿದಳು. "ಗ... ಸೊನ್ನೆ... ಡ."

ಬೆರಳು ಹಿಂದಕ್ಕೆ ಹೋಗಿ ಮತ್ತೆ ಬಂತು.

"ಗಂಡ," ಎಂದಳು.

ಗೌರಿ ಅಜ್ಜಿಯ ಪಕ್ಕಕ್ಕೆ ಸರಿದಳು. ಬಗ್ಗಿ ನೋಡಿದಳು. ಗ ಅಕ್ಷರಕ್ಕೂ ಸೊನ್ನೆಗೂ ನಡುವೆ ಕೂದಲು ತೂರುವಷ್ಟು ಜಾಗವಿರಲಿಲ್ಲ. ಬೇರೆ ಬೆಳ್ಳಿ ಇಲ್ಲ. ಮೊಳೆ ಕಿತ್ತರೆ ಕೊಂಬು ಉಳಿಯುವುದಿಲ್ಲ.

"ಕೊಂಬು ಎಲ್ಲೇ?" ಅಜ್ಜಿ ಕೇಳಿದಳು.

"ಮರ್ತೆ ಅಜ್ಜಿ." ಗೌರಿ ಕೈ ಚಾಚಿದಳು. "ತತ್ತಾ, ಅಕ್ಷರನೆಲ್ಲ ಉಜ್ಜಿ ಸವೆಸ್ಬುಡ್ತೀನಿ. ಬರೀ ಬೆಳ್ಳಿ ಇರ್ಲಿ."

ತಿಮ್ಮಕ್ಕ ಕೊಡಲಿಲ್ಲ. ಹೆಬ್ಬೆರಳಿನಿಂದ ಬೆಳ್ಳಿಯನ್ನು ಸವರಿದಳು, ಅದೇ ಬೆರಳನ್ನು ಕೆಳಗಿನ ಕೊಂಬಿನ ಮೇಲೆ ಜಾರಿಸಿದಳು. ಅವಳ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಸಡಿಲವಾದವು.

"ಇಲ್ಲೇ ಐತಲ್ಲೇ ಮಗಾ ಕೊಂಬು, ಅಡೀಲಿ. ಸೇರಿಸ್ಕೊಂಡು ಓದಿದ್ರೆ ಆಯ್ತು."

ಬಾಗಿಲಲ್ಲಿ ನಿಂತಿದ್ದ ರಂಗಮ್ಮ ಒಳಗೆ ಹೋಗಿ ಎಣ್ಣೆ ಬಟ್ಟಲು ತಂದು ಅತ್ತೆಯ ಹಿಂದೆ ಕುಕ್ಕರುಗಾಲಲ್ಲಿ ಕೂತಳು. "ಇಷ್ಟು ಸಡಿಲ ತುರುಬಿಗೆ ನಿಲ್ತದಾ ಅದು? ತಲೆ ನೆಟ್ಟಗೆ ಇಟ್ಕೊಳ್ಳಿ," ಎಂದು ಬಿಳಿ ಕೂದಲನ್ನು ಎಣ್ಣೆ ಹಚ್ಚಿ ಬಾಚಿ, ಬಿಗಿಯಾಗಿ ಸುತ್ತಿದಳು. ಗೌರಿ ಕಡ್ಡಿಯನ್ನು ಮೆಲ್ಲಗೆ ತೂರಿಸಿದಳು.

ಹೊರಗೆ ಕಿಚ್ಚು ಹಾಯಿಸಲು ಎತ್ತುಗಳು ಸಿದ್ಧವಾಗಿದ್ದವು. ತಿಮ್ಮಕ್ಕ ತಂಬಿಗೆ ಹಿಡಿದು ಹೋಗಿ, ಎಳೆ ಎತ್ತಿನ ಕಾಲಿಗೆ ನೀರು ಹಾಕಲು ಬಗ್ಗಿದಳು. ಅದು ಬಣ್ಣ ಬಳಿದ ಕೊಂಬನ್ನು ಪಕ್ಕಕ್ಕೆ ವಾಲಿಸಿ, ಅವಳ ತುರುಬನ್ನು ಮೂಸಿ ನೋಡಿ, ಅಲ್ಲೇ ಬೆಚ್ಚಗೆ ಉಸಿರು ಬಿಟ್ಟಿತು.