ಚೆಲ್ಲಲಾಗದ ನೀರು

ನಾನು ಆಸ್ಪತ್ರೆಯಲ್ಲಿ ಆಹಾರತಜ್ಞೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಇಪ್ಪತ್ತಾರು ವರ್ಷಗಳಿಂದ ಜನರಿಗೆ ಹೇಳುತ್ತಿದ್ದೇನೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುವ ಹಾಗೆ ನಾನೇ ಮಧ್ಯಾಹ್ನ ಕ್ಯಾಂಟೀನಿನ ಬನ್ನು ತಿಂದು ಕೈ ಒರೆಸಿಕೊಳ್ಳುತ್ತೇನೆ. ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದವಳು ಒಬ್ಬಳೇ, ನಮ್ಮಕ್ಕ.

ಅಮ್ಮ ಹೋದಾಗ ಅವಳಿಗೆ ಹದಿನೇಳು, ನನಗೆ ಎಂಟು. ಹೊಲಿಗೆ ಯಂತ್ರ ತುಳಿದೇ ನನ್ನನ್ನು ಓದಿಸಿದಳು. ಪಾತ್ರೆಯಲ್ಲಿ ಗಟ್ಟಿ ಇದ್ದದ್ದು ನನ್ನ ತಟ್ಟೆಗೆ, ತಿಳಿ ಅವಳಿಗೆ. ಕಾಲೇಜಿನ ಮೊದಲ ವರ್ಷ ನಾನು ದೊಡ್ಡ ಪಂಡಿತೆಯಂತೆ ಒಂದು ರಟ್ಟಿನ ಮೇಲೆ ಊಟದ ನಿಯಮ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ದಿನಾ ಸೊಪ್ಪು, ಕಾಳು, ಒಂದು ಹಣ್ಣು ತಿನ್ನಿ. ಉಪ್ಪು, ಸಕ್ಕರೆ, ಎಣ್ಣೆ ಹಿತಮಿತವಾಗಿರಲಿ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲೇ ಇದೆ. ಈ ಕೊನೆಯ ಸಾಲು ಅಕ್ಕನಿಗೆ ಬಹಳ ಹಿಡಿಸಿತ್ತು. ಬಟ್ಟೆಯ ಅಳತೆ ಕೊಡಲು ಬಂದವರಿಗೆಲ್ಲ ಟೇಪು ಹಿಡಿದುಕೊಂಡೇ ಅದನ್ನು ಬೋಧಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅಕ್ಕನಿಗೆ ಮಾತ್ರ ಹಿತ್ತಲ ಗಿಡವೇ ಮದ್ದು.

ಹೋದ ವರ್ಷ ಅವಳ ಕಿಡ್ನಿ ಕೈಕೊಟ್ಟಿತು. ಹಣ್ಣು, ತರಕಾರಿಯಲ್ಲಿರುವ ಪೊಟ್ಯಾಸಿಯಂ ಎಂಬ ಲವಣ ಅವಳ ರಕ್ತದಲ್ಲಿ ಏರತೊಡಗಿತು. ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಮಿತಿ ಮೀರಿದರೆ ಗುಂಡಿಗೆಯೇ ನಿಲ್ಲಬಹುದು. ನಾನು ಕೂರಿಸಿಕೊಂಡು ಹೇಳಿದೆ: ಬಾಳೆಹಣ್ಣು ಬೇಡ, ತರಕಾರಿಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಅಡುಗೆ ಮಾಡು. ಅಚ್ಚಾದ ಹಾಳೆಯನ್ನೂ ಕೊಟ್ಟೆ. ಅವಳು ತಲೆಯಾಡಿಸಿದಳು.

ಮೂರು ತಿಂಗಳಾದರೂ ಪೊಟ್ಯಾಸಿಯಂ ಇಳಿಯಲಿಲ್ಲ, ಏರಿತು. ಲ್ಯಾಬಿನವರನ್ನು ಬೈದೆ. ಪಕ್ಕದ ಮನೆಯವರು ಏನೋ ತಿನ್ನಿಸುತ್ತಿದ್ದಾರೆ ಎಂದು ಅನುಮಾನಪಟ್ಟೆ. ಕದ್ದು ಹಣ್ಣು ತಿನ್ನುತ್ತೀಯಾ ಎಂದು, ನನ್ನನ್ನು ಸಾಕಿದವಳನ್ನೇ ಕಳ್ಳಿಯಂತೆ ವಿಚಾರಿಸಿದೆ. ಅವಳು ನನ್ನ ತಲೆ ಮುಟ್ಟಿ ಇಲ್ಲವೆಂದಳು. ಮುಂದಿನ ಪರೀಕ್ಷೆಯಲ್ಲೂ ಹೀಗೇ ಇದ್ದರೆ ಡಯಾಲಿಸಿಸ್ ಶುರು ಮಾಡಲೇಬೇಕು ಎಂದು ಡಾಕ್ಟರು ಹೇಳಿಬಿಟ್ಟರು.

ಆ ಪರೀಕ್ಷೆಯ ದಿನ ಬೆಳಿಗ್ಗೆ ಅವಳನ್ನು ಕರೆದೊಯ್ಯಲು ಹೋದೆ. ಅಕ್ಕ ಒಲೆಯ ಮುಂದೆ ನಿಂತು ಲೋಟದಲ್ಲಿ ಏನನ್ನೋ ಊದಿ ಊದಿ ಕುಡಿಯುತ್ತಿದ್ದಳು. ಹಸಿರು ಬಣ್ಣದ ಬಿಸಿನೀರು. ಪಕ್ಕದ ಜರಡಿಯಲ್ಲಿ ಬೆಂದ ತರಕಾರಿ ಬಿಳಿಚಿಕೊಂಡು ಕೂತಿತ್ತು.

"ಅದನ್ನ ಚೆಲ್ಲು ಅಂದಿದ್ದೆ ಅಲ್ವಾ ಅಕ್ಕಾ?"

"ಅಡುಗೆಗೆ ಒಂದು ಹನಿನೂ ಹಾಕಲ್ಲ ಕಣೇ. ಬೇರೆಯಾಗಿ ಕುಡೀತೀನಿ ಅಷ್ಟೆ." ಅವಳು ಗೋಡೆಯ ರಟ್ಟಿನ ಕಡೆ ನೋಡಿದಳು. "ಸತ್ವ ಎಲ್ಲ ಇದರಲ್ಲೇ ಇದೆ ಅಂತ ನೀನೇ ಬರೆದಿದ್ದೀಯಲ್ಲ. ಚೆಲ್ಲೋಕೆ ಮನಸ್ಸು ಬರಲಿಲ್ಲ. ಸುಸ್ತು ಜಾಸ್ತಿ ಆದಾಗಿಂದ ಎರಡೆರಡು ಲೋಟ ಕುಡೀತಿದ್ದೀನಿ."

ಅವಳ ಕೈಯಿಂದ ಲೋಟ ಕಿತ್ತುಕೊಂಡೆ. ನೀರು ಎಲ್ಲಿ ಚೆಲ್ಲುತ್ತೀರಿ, ತೋರಿಸಿ ಎಂದು ಎಷ್ಟೋ ರೋಗಿಗಳನ್ನು ಕೇಳಿದ್ದೇನೆ. ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಅಕ್ಕ ತಾನೇ, ನಾನು ಹೇಳಿದ ಮೇಲೆ ಮುಗಿಯಿತು ಅಂದುಕೊಂಡಿದ್ದೆ.

"ಹಾಗಾದ್ರೆ ನೀನು ಬರೆದಿದ್ದು ಸುಳ್ಳಾ?"

ಸುಳ್ಳಲ್ಲ, ಎಲ್ಲರಿಗೂ ನಿಜ, ಆದರೆ ಸತ್ವದ ಜೊತೆ ಪೊಟ್ಯಾಸಿಯಂ ಕೂಡ ಆ ನೀರಿಗೇ ಇಳಿಯುತ್ತದೆ, ನಿನಗೆ ಮಾತ್ರ ಈಗ ಅದು ವಿಷ ಎಂದು ಬಿಡಿಸಿ ಹೇಳಿದೆ. ಅವಳಿಗೆ ಅರ್ಥವಾಯಿತೋ, ನನ್ನ ಮುಖ ನೋಡಿ ಆಯಿತು ಅಂದಳೋ ಗೊತ್ತಾಗಲಿಲ್ಲ.

ಆ ವಾರವೇ ಡಯಾಲಿಸಿಸ್ ಶುರುವಾಯಿತು. ಇವತ್ತಲ್ಲ ನಾಳೆ ಇದು ಬರುವುದೇ ಇತ್ತು ಎಂದು ಡಾಕ್ಟರು ಸಮಾಧಾನ ಹೇಳಿದರು. ಆ ನಾಳೆ ಎಷ್ಟು ದೂರವಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ನಾನು ಅವಳ ಮನೆಯಲ್ಲೇ ಇದ್ದೇನೆ. ತರಕಾರಿ ಬೆಂದ ಮೇಲೆ ಪಾತ್ರೆಯನ್ನು ಸಿಂಕಿನ ತನಕ ತರುತ್ತಾಳೆ, ಕೈ ಬಗ್ಗುವುದಿಲ್ಲ. ಕೊನೆಗೆ ಆ ನೀರನ್ನು ಲೋಟಕ್ಕೆ ಬಸಿದು ನನ್ನ ಮುಂದಿಡುತ್ತಾಳೆ.

"ನಿನ್ನ ಕಿಡ್ನಿ ಚೆನ್ನಾಗಿದೆಯಲ್ಲ. ನೀನು ಕುಡಿ."

ಸಪ್ಪೆ ತರಕಾರಿಯ ತಟ್ಟೆ ಹಿಡಿದು ಎದುರು ಕೂರುತ್ತಾಳೆ. ನನ್ನ ಲೋಟ ಖಾಲಿಯಾಗುವ ತನಕ ತುತ್ತು ಎತ್ತುವುದಿಲ್ಲ. ನಾನು ಕುಡಿಯುತ್ತೇನೆ.