ಮೊದಲನೇ ಮುಳ್ಳುಹಂದಿ

ಅಕ್ರನ್ ಊರಿನ ಡೆಲ್ಮರ್ ಪ್ರುಯಿಟ್‌ಗೆ ಒಂದು ಚಾಳಿಯಿತ್ತು. ಗಿಟಾರಿನ ಪೆಡಲ್ ಕಟ್ಟಿ ಮುಗಿಸಿದ ಮೇಲೆ ಅದರ ಹೊಟ್ಟೆಗೆ ಕರಿ ಅಂಟು ಸುರಿದುಬಿಡುವುದು. ಅಂಟು ಗಟ್ಟಿಯಾಯಿತೆಂದರೆ ಒಳಗೆ ಯಾವ ತಂತಿ ಎಲ್ಲಿಗೆ ಹೋಗಿದೆಯೆಂದು ಬ್ರಹ್ಮನಿಗೂ ತಿಳಿಯದು. ತನ್ನ ಗುಟ್ಟು ಕದಿಯಲು ಜನ ಹೊಂಚು ಹಾಕಿದ್ದಾರೆ ಎಂಬುದು ಅವನ ವಾದ. ಮೂವತ್ತಾರು ವರ್ಷದಲ್ಲಿ ಕದಿಯಲು ಒಬ್ಬನೂ ಬಂದಿರಲಿಲ್ಲ. ಅದನ್ನು ಹೆಂಡತಿ ರೊಬರ್ಟಾ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು.

ಅವನ ಪೆಡಲಿನ ಹೆಸರು ಮುಳ್ಳುಹಂದಿ. ಅಂಗೈಯಗಲದ ಲೋಹದ ಪೆಟ್ಟಿಗೆ. ಕಾಲಲ್ಲಿ ಒತ್ತಿದರೆ ಸಾಕು, ಸಾಧುವಾಗಿದ್ದ ಗಿಟಾರು ಗರಗರ ಕೆರಳುತ್ತದೆ. ಗ್ಯಾರೇಜಿನಲ್ಲಿ ಕೂತು ಇಂಥವನ್ನು ನಾನೂರಕ್ಕೂ ಹೆಚ್ಚು ಕಟ್ಟಿದ್ದ. ಎಲ್ಲವೂ ಚೆನ್ನಾಗಿದ್ದವು. ಆದರೆ ಗೆಳೆಯ ಲಾಯ್ಡ್‌ಗೆ ಕಟ್ಟಿಕೊಟ್ಟ ಮೊದಲನೆಯದರ ದನಿ ಮಾತ್ರ ಇನ್ಯಾವುದಕ್ಕೂ ಬರಲಿಲ್ಲ. ಅದರಲ್ಲಿ ಏನೋ ಒಂದು ಬಿಕ್ಕಳಿಕೆ, ಏನೋ ಒಂದು ಸಂಕಟ. ಕೇಳಿದವರು ಬೆರಗಾಗಿ ಬಂದರೆ ಡೆಲ್ಮರ್ ಗಂಭೀರವಾಗಿ, "ಮೂರು ರಾತ್ರಿ ಲೆಕ್ಕ ಹಾಕಿ ಮಾಡಿದ್ದು" ಎನ್ನುತ್ತಿದ್ದ.

ಬುಧವಾರ ಲಾಯ್ಡ್ ಅದನ್ನು ಬ್ರೆಡ್ಡಿನ ಕವರಿನಲ್ಲಿ ಸುತ್ತಿಕೊಂಡು ಬಂದ. "ಸತ್ತೋಯ್ತು ಕಣೋ. ಶನಿವಾರ ನಮ್ಮ ಬ್ಯಾಂಡಿಗೆ ನಲವತ್ತು ವರ್ಷ. ಇದಿಲ್ಲದೆ ನಾನು ಸ್ಟೇಜ್ ಹತ್ತಲ್ಲ."

"ಬೇರೆ ಮುಳ್ಳುಹಂದಿ ಕೊಡ್ತೀನಿ, ತಗೊಂಡೋಗು."

"ಅವೆಲ್ಲ ಮೊಲ. ಇದೊಂದೇ ಮುಳ್ಳುಹಂದಿ. ನೀನೇ ಕಟ್ಟಿದ್ದು, ನೀನೇ ರಿಪೇರಿ ಮಾಡು."

ಅವನು ಹೋದ ಮೇಲೆ ಡೆಲ್ಮರ್ ತಿರುಪು ಬಿಚ್ಚಿ ಒಳಗೆ ನೋಡಿದ. ಕಗ್ಗಲ್ಲಿನಂಥ ಅಂಟು. ನಕ್ಷೆ ಬರೆದಿಟ್ಟಿರಲಿಲ್ಲ, ಬರೆದಿಟ್ಟರೆ ಕಳ್ಳರ ಕೈಗೆ ಸಿಕ್ಕೀತಲ್ಲ!

"ಕೊನೆಗೂ ನಿನ್ನ ಗುಟ್ಟು ಕದಿಯೋಕೆ ಒಬ್ಬ ಬಂದ ನೋಡು," ಎಂದಳು ರೊಬರ್ಟಾ, ಬಾಗಿಲಲ್ಲಿ ಕಾಫಿ ಹಿಡಿದು ನಿಂತು. "ಪಾಪ, ಅವನಿಗೂ ಏನೂ ಗೊತ್ತಾಗ್ತಿಲ್ಲ."

"ನಗು, ನಗು."

"ನಗದೆ ಏನು ಮಾಡ್ಲಿ? ಸ್ವಂತ ಮನೆಗೇ ಕನ್ನ ಹಾಕೋನ್ನ ಇವತ್ತೇ ನೋಡಿದ್ದು."

ಎರಡು ದಿನ ಬಿಸಿಗಾಳಿ ಊದಿ, ಹಲ್ಲಿನ ಡಾಕ್ಟರು ಬಳಸುವಂಥ ಕೊಕ್ಕೆಯಿಂದ ಕೆರೆದು ಕೆರೆದು ಅಂಟು ತೆಗೆದ. ಒಳಗೆ ಕರೆಂಟಿಗೆ ತಡೆಯೊಡ್ಡುವ ಒಂದು ರೆಸಿಸ್ಟರ್, ಅಕ್ಕಿಕಾಳಿಗಿಂತ ತುಸು ದೊಡ್ಡದು, ನಡುವೆ ಬಿರುಕು ಬಿಟ್ಟಿತ್ತು. ಅದಕ್ಕೆ ಮೀಟರ್ ಹಚ್ಚಿದ. ಮುಳ್ಳು ಅಲುಗಲೇ ಇಲ್ಲ. ಆ ಜಾಗದಲ್ಲಿ ಹತ್ತು ಸಾವಿರ ಓಮಿನದು ಇರುತ್ತದೆಂದು ಅವನಿಗೆ ಬಾಯಿಪಾಠ. ಡಬ್ಬಿಯಿಂದ ಹೊಸದೊಂದು ತೆಗೆದು ಬೆಸುಗೆ ಹಾಕಿದ. ಪೆಡಲ್ ಜೀವ ತಳೆಯಿತು. ಡೆಲ್ಮರ್ ಎದೆಯುಬ್ಬಿಸಿ ಲಾಯ್ಡ್‌ಗೆ ಫೋನ್ ಮಾಡಿದ.

ಲಾಯ್ಡ್ ಶುಕ್ರವಾರ ಮಧ್ಯಾಹ್ನ ಬಂದು ನಾಲ್ಕು ಸ್ವರ ನುಡಿಸಿ ಕೈ ತೆಗೆದ. "ಇದು ನಂದಲ್ಲ."

"ನಿಂದೇ ಕಣೋ! ಅದೇ ಪೆಟ್ಟಿಗೆ!"

"ಪೆಟ್ಟಿಗೆ ನಂದೇ. ದನಿ ಇದರ ಚಿಕ್ಕಪ್ಪನ ಮಗಂದು." ಅವನು ತಮಾಷೆ ಮಾಡಲು ನೋಡಿದ, ಆದರೆ ಮುಖ ಬಾಡಿತ್ತು. "ಹೋಗ್ಲಿ ಬಿಡು. ನಾಳೆ ನಾನು ಬರಲ್ಲ ಅಂತ ಹುಡುಗರಿಗೆ ಹೇಳ್ತೀನಿ." ಆ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಅರವತ್ತೆರಡು.

ಡೆಲ್ಮರ್ ಪೆಡಲನ್ನು ಎತ್ತಿ ತಿರುವಿ ತಿರುವಿ ನೋಡಿದ. ಜೀವನದಲ್ಲಿ ತಾನು ಮಾಡಿದ ಒಂದೇ ಒಂದು ಅಪರೂಪದ ವಸ್ತು, ತನ್ನ ಕೈಯಲ್ಲೇ ಹಾಳಾಯಿತೇ? ಕಸದ ಬುಟ್ಟಿಯಲ್ಲಿ ಕೈಯಾಡಿಸಿ ಆ ಬಿರುಕು ಬಿಟ್ಟ ಕಾಳನ್ನು ಹುಡುಕಿ ತೆಗೆದ. ಅದು ಎಷ್ಟು ಓಮಿನದೆಂದು ಹೇಳುವ ಬಣ್ಣದ ಪಟ್ಟಿಗಳು ಹಾಗೇ ಇದ್ದವು. ಆದರೆ ಅವನ ಕಣ್ಣಿಗೆ ಕೆಂಪು, ಕಿತ್ತಳೆ ಎರಡೂ ಒಂದೇ. ಈ ಸಂಗತಿ ಗಂಡಹೆಂಡತಿಗೆ ಬಿಟ್ಟು ಮೂರನೆಯವರಿಗೆ ತಿಳಿಯದು. ಅದಕ್ಕೇ ರೆಸಿಸ್ಟರುಗಳನ್ನು ಆರಿಸಿ ಡಬ್ಬಿಗೆ ತುಂಬುವ ಕೆಲಸ ಮೊದಲಿಂದಲೂ ರೊಬರ್ಟಾಳದು. ಕೇಳಿದವರಿಗೆ ಅವನು, "ಏನೋ ಕೈಗೊಂದು ಸಹಾಯ" ಎಂದು ತೇಲಿಸಿಬಿಡುತ್ತಿದ್ದ.

ಈಗ ಲಾಯ್ಡ್ ಎದುರಿಗೇ ಕೂತಿದ್ದ. ಅವನ ಬಾಯಿಗೆ ಸಿಕ್ಕಿದ್ದು ಸಂಜೆಯೊಳಗೆ ಇಡೀ ಅಕ್ರನ್‌ಗೆ ಗೊತ್ತಾಗುತ್ತದೆ. ಡೆಲ್ಮರ್ ಒಂದು ಸಲ ಕೆಮ್ಮಿದ, ಒಂದು ಸಲ ಕನ್ನಡಕ ಒರೆಸಿದ. ಆಮೇಲೆ ಹೆಂಡತಿಯನ್ನು ಕೂಗಿಯೇಬಿಟ್ಟ: "ಬರ್ಟೀ, ಸ್ವಲ್ಪ ಬಾ. ಇದರ ಬಣ್ಣ ಏನಂತ ನನಗೆ ಕಾಣ್ತಿಲ್ಲ. ಯಾವತ್ತೂ ಕಂಡಿಲ್ಲ."

ಲಾಯ್ಡ್ ಗಿಟಾರನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದ. ರೊಬರ್ಟಾ ಒಲೆ ಸಣ್ಣಗೆ ಮಾಡಿ ಬಂದು, ಕಾಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಕಂದು, ಕಪ್ಪು, ಕೆಂಪು. ಇದು ಒಂದು ಸಾವಿರದ್ದು."

"ಅಲ್ಲಿ ಕಿತ್ತಳೆ ಇರ್ಬೇಕಿತ್ತು!"

"ಇರ್ಬೇಕಿತ್ತು. ಇಲ್ಲ." ಅವಳಿಗೆ ನಗು ಉಕ್ಕಿತು. "ಮೂರು ರಾತ್ರಿ ಲೆಕ್ಕ ಹಾಕಿದ್ಯಲ್ಲೋ ಮಾರಾಯ! ನಾನು ಮೂವತ್ತಾರು ವರ್ಷ ಸರಿಯಾದ್ದನ್ನೇ ಆರಿಸಿ ಕೊಟ್ಟು ಕೊಟ್ಟು ನಿನ್ನ ಹೆಸರು ಕೆಡಿಸ್ದೆ ಅನ್ನು."

"ಅಂದ್ರೆ ನಾನು ಇಷ್ಟು ವರ್ಷ ನುಡಿಸಿದ್ದು ಇವನ ತಪ್ಪನ್ನ?" ಎಂದ ಲಾಯ್ಡ್.

"ಅದನ್ನೇ. ಚೆನ್ನಾಗೇ ನುಡಿಸಿದ್ಯಪ್ಪ." ಅವಳು ಡಬ್ಬಿಗಳಲ್ಲಿ ಹುಡುಕಿ ಒಂದು ಕಾಳನ್ನು ಗಂಡನ ಅಂಗೈಗೆ ಹಾಕಿದಳು. "ತಗೋ. ಈ ಸಲ ತಪ್ಪನ್ನೂ ನಾನೇ ಆರಿಸಿ ಕೊಡ್ತೀನಿ."

ಬೆಸುಗೆಯ ಹೊಗೆ ಆರುವ ಮೊದಲೇ ಲಾಯ್ಡ್ ತಂತಿ ಮೀಟಿದ. ಬಂತು. ಅದೇ ಬಿಕ್ಕಳಿಕೆ, ಅದೇ ಸಂಕಟ. ಅವನು ಕಣ್ಣು ಮುಚ್ಚಿಕೊಂಡು ನುಡಿಸಿಯೇ ನುಡಿಸಿದ. ಡೆಲ್ಮರ್‌ಗೆ ಎಷ್ಟು ಸಂತೋಷವಾಯಿತೆಂದರೆ ಮೂಗು ಒರೆಸಿಕೊಳ್ಳಬೇಕಾಯಿತು.

ರೊಬರ್ಟಾ ಅಷ್ಟರಲ್ಲಿ ಪೆಟ್ಟಿಗೆಯ ಮುಚ್ಚಳ ಮುಚ್ಚಲೆಂದು ಕೈಗೆತ್ತಿಕೊಂಡಿದ್ದಳು. ಅದರ ಒಳಮೈಯಲ್ಲಿ ಡೆಲ್ಮರ್‌ನ ರುಜು, ಕೆಳಗೆ ತಾರೀಖು: ೧೯೮೮, ಅಕ್ಟೋಬರ್ ೧೪. ಅವಳ ನಗು ನಿಂತಿತು.

ಆ ಅಕ್ಟೋಬರಿನಲ್ಲಿ ಡೆಲ್ಮರ್ ಅಡುಗೆಮನೆಯ ರೇಡಿಯೊ ಬಿಚ್ಚಿ, ಪೆಡಲಿಗೆ ಬೇಕೆಂದು ಅದರೊಳಗಿನ ಎರಡು ಟ್ರಾನ್ಸಿಸ್ಟರ್ ಬಿಡಿಭಾಗ ಕಿತ್ತುಕೊಂಡಿದ್ದ. ಅದು ಅವಳಪ್ಪ ಕೊಟ್ಟ ರೇಡಿಯೊ. ಅವಳು ಬಟ್ಟೆಬರೆ ಕಟ್ಟಿಕೊಂಡು, ಮತ್ತೆ ಬರುವುದಿಲ್ಲವೆಂದು ಹೇಳಿ, ಟೊಲೀಡೊ ಊರಿನ ಅಕ್ಕನ ಮನೆಗೆ ಹೋಗಿದ್ದಳು. ವಾಪಸು ಬಂದದ್ದು ಹತ್ತೊಂಬತ್ತು ದಿನ ಬಿಟ್ಟು.

"ನಾನಿಲ್ಲದಾಗ ಕಟ್ಟಿದ್ದು," ಎಂದಳು ಮೆಲ್ಲಗೆ.

"ಹ್ಞೂಂ. ಆರಿಸಿ ಕೊಡೋರು ಯಾರೂ ಇರ್ಲಿಲ್ಲ."

ಲಾಯ್ಡ್‌ಗೆ ಇದೊಂದೂ ಕೇಳಿಸಲಿಲ್ಲ. ಅವನು ನುಡಿಸುವುದು ನಿಲ್ಲಿಸಿ ಕೂಗಿದ: "ಲೋ ಡೆಲ್ಮರ್, ಗುಟ್ಟು ಗೊತ್ತಾಯ್ತಲ್ಲ! ಇನ್ನು ಇಂಥದ್ದೇ ನೂರು ಕಟ್ಟು!"

"ಕಟ್ಟು, ಕಟ್ಟು," ಎಂದಳು ರೊಬರ್ಟಾ. "ಬೇಕಾದ್ರೆ ಇನ್ನೊಂದ್ಸಲ ಟೊಲೀಡೊಗೆ ಹೋಗ್ತೀನಿ."

ಡೆಲ್ಮರ್ ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ತಿರುಪು ಬಿಗಿಯತೊಡಗಿದ.

"ಬೇಡ ಕಣೇ," ಎಂದ. "ಇಂಥದ್ದು ಒಂದೇ ಸಾಕು."