ಬಾಕಿ ಉಳಿಸಿದ ಐವತ್ತೊಂದು ರೂಪಾಯಿ

ಮೆಸೇಜ್ ಬಂದಾಗ ನಾನು ಒಬ್ಬ ಅಜ್ಜಿಯ ಕೈಯಲ್ಲಿ ರಕ್ತನಾಳ ಹುಡುಕುತ್ತಿದ್ದೆ. ಕ್ರೆಡಿಟ್ ಕಾರ್ಡ್ ಕೊಟ್ಟಾಗಿನಿಂದ ಬ್ಯಾಂಕಿನವರು ನನ್ನನ್ನು ಒಂದು ದಿನವೂ ಸುಮ್ಮನೆ ಬಿಟ್ಟವರಲ್ಲ. ಚಿನ್ನ ತಗೊಳ್ಳಿ, ಗೋವಾಕ್ಕೆ ಹೋಗಿ, ಹೊಸ ಟೀವಿ ತಗೊಳ್ಳಿ ಎಂದು ಬೆಳಗಾದರೆ ಶುರು. ಬೇಸತ್ತು ಅವನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಆವತ್ತು ಅಜ್ಜಿಯ ಕೈಗೆ ಹತ್ತಿ ಒತ್ತಿ ಹಿಡಿದುಕೊಂಡು ಯಾಕೋ ಫೋನಿನ ಕಡೆ ಕಣ್ಣು ಹಾಯಿಸಿದೆ. ಗಡುವಿನೊಳಗೆ ಬಿಲ್ ಕಟ್ಟದ ಕಾರಣ ನನಗೆ ದಂಡ ಹಾಕಲಾಗಿದೆಯಂತೆ.

"ಏನಮ್ಮಾ, ನನ್ ರಕ್ತದಲ್ಲಿ ಏನೈತೆ?" ಎಂದು ಅಜ್ಜಿ ಹೆದರಿ ಕೇಳಿದರು. ನನ್ನ ಮುಖ ಹಾಗಾಗಿತ್ತೇನೋ.

ಆ ದಂಡ ಒಂದು ಹೊತ್ತಿನ ತರಕಾರಿಗೆ ಹೋಯಿತು ಎಂದುಕೊಂಡು ಬಿಡಬಹುದಾದ ಮೊತ್ತ. ಆದರೆ ನಾನು ಕಾರ್ಡ್ ತೆಗೆದುಕೊಂಡಿದ್ದೇ ಒಂದು ಸಲವೂ ದಂಡ ಬೀಳದ ಹಾಗೆ ಕಟ್ಟಿ ತೋರಿಸಬೇಕೆಂದು. ಶ್ರೀನಿವಾಸಪುರದ ಈ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ದುಡಿದು, ಇನ್ನಾದರೂ ನನ್ನದೇ ಒಂದು ಪುಟ್ಟ ಲ್ಯಾಬ್ ತೆರೆಯಬೇಕೆಂದು ಇದೇ ಬ್ಯಾಂಕಿಗೆ ಸಾಲಕ್ಕೆ ಹೋಗಿದ್ದೆ. ಮ್ಯಾನೇಜರ್ ಚಂದ್ರಮೋಹನ್ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದ್ದರು. ನಾನು ಈವರೆಗೆ ಯಾರ ಹತ್ತಿರವೂ ಸಾಲ ಮಾಡಿರಲಿಲ್ಲ, ಅದೇ ದೊಡ್ಡ ಕೊರತೆಯಂತೆ. "ಒಂದು ಕ್ರೆಡಿಟ್ ಕಾರ್ಡ್ ತಗೊಳ್ಳಿ ಮೇಡಂ. ಆರು ತಿಂಗಳು ಚೆನ್ನಾಗಿ ಬಳಸಿ, ಒಂದು ಸಲಾನೂ ಲೇಟ್ ಮಾಡ್ದೆ ಕಟ್ಟಿ. ಆಮೇಲೆ ಬನ್ನಿ, ನಾನೇ ಮುಂದೆ ನಿಂತು ಮಾಡಿಸ್ಕೊಡ್ತೀನಿ" ಎಂದಿದ್ದರು. ಸಾಲ ಮಾಡದವಳಿಗೆ ಸಾಲ ಸಿಗುವುದಿಲ್ಲ ಎಂಬ ಜ್ಞಾನೋದಯ ಹೊತ್ತುಕೊಂಡು ಮನೆಗೆ ಬಂದಿದ್ದೆ.

ಚೆನ್ನಾಗಿ ಬಳಸಲು ನನಗೇನಿದೆ ಖರ್ಚು? ಅದಕ್ಕೇ ನನ್ನ ಕಾರ್ಡಿನ ಮೇಲೆ ಅಪ್ಪನಿಗೂ ಒಂದು ಕಾರ್ಡ್ ಮಾಡಿಸಿದೆ. ಅಪ್ಪ ಆವಲಪ್ಪನಿಗೆ ಮಾರುಕಟ್ಟೆ ರಸ್ತೆಯಲ್ಲಿ ಹಗ್ಗ, ಗೋಣಿಚೀಲ, ಮಾವಿನಕಾಯಿ ತುಂಬುವ ಕ್ರೇಟುಗಳ ಅಂಗಡಿ. ಮಾಲೂರಿನ ಡೀಲರ್ ಹತ್ತಿರ ಕ್ರೇಟು ತರುವಾಗ ಆ ಕಾರ್ಡ್ ಉಜ್ಜಿದರೆ ನನ್ನ ಹೆಸರಿಗೆ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಬಿಲ್ಲನ್ನು ಮಾತ್ರ ನಾನು ಕಟ್ಟುವ ಹಾಗಿಲ್ಲ. "ಅಂಗಡಿ ಸಾಮಾನಿಗೆ ಮಗಳ ಕೈಲಿ ದುಡ್ ಕಟ್ಟಿಸ್ತೀನಾ?" ಎಂದು ಅಪ್ಪ ಗಡುವಿಗೆ ಇನ್ನೂ ವಾರ ಇರುವಾಗಲೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬ್ಯಾಂಕಿಗೆ ಹೋಗಿ ನಗದು ಕಟ್ಟಿ ಬಂದಿದ್ದರು. ಹಣ ಬಂದಿದೆ, ಧನ್ಯವಾದ ಎಂದು ನನಗೆ ಮೆಸೇಜೂ ಬಂದಿತ್ತು. ಮುಂದಿನ ತಿಂಗಳು ಕ್ರೇಟು ತರಲೇ ಇಲ್ಲ. ಏನೂ ಕೊಳ್ಳದ ತಿಂಗಳಿಗೆ ಬಿಲ್ ಏನು ನೋಡುವುದು ಎಂದು ನಾನೂ ನೋಡಲಿಲ್ಲ.

ಈಗ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಹಳೆಯ ಬಾಕಿ ಐವತ್ತೊಂದು ರೂಪಾಯಿ. ಅದರ ಕೆಳಗೆ ಬಡ್ಡಿ, ಅದೂ ಐವತ್ತೊಂದರ ಮೇಲಲ್ಲ, ಕ್ರೇಟು ಕೊಂಡ ದಿನದಿಂದ ಪೂರ್ತಿ ಮೊತ್ತದ ಮೇಲೆ. ಬಡ್ಡಿಯ ಮೇಲೆ ತೆರಿಗೆ. ಅದನ್ನೆಲ್ಲ ಕಟ್ಟಲಿಲ್ಲವೆಂದು ದಂಡ, ದಂಡದ ಮೇಲೂ ತೆರಿಗೆ. ಊಟದ ಬಿಡುವಿಗೂ ಕಾಯದೆ ಸ್ಕೂಟರ್ ಹತ್ತಿ ಅಂಗಡಿಗೆ ಹೋದೆ.

ಅಪ್ಪ ಒಬ್ಬ ರೈತನಿಗೆ ಹಗ್ಗ ಅಳೆದು ಕೊಡುತ್ತಿದ್ದರು. ಆತ ಹೋಗುವವರೆಗೆ ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ಅಪ್ಪಾ, ಬ್ಯಾಂಕಲ್ಲಿ ಐವತ್ತೊಂದು ರೂಪಾಯಿ ಕಮ್ಮಿ ಕಟ್ಟಿದ್ಯಾ?"

"ಹೂಂ," ಎಂದರು ಅಪ್ಪ ಸಲೀಸಾಗಿ. "ಉಳಿಸ್ಬಂದೆ."

"ಉಳಿಸ್ಬಂದ್ಯಾ? ಚಿಲ್ಲರೆ ಇರ್ಲಿಲ್ವಾ?"

"ಚಿಲ್ಲರೆ ಯಾಕಿಲ್ಲ? ಬೇಕಂತಾನೇ ಉಳಿಸ್ದೆ. ಆ ಕೌಂಟರಿನ ಹುಡ್ಗಿ ಪೂರ್ತಿ ಕಟ್ಟಿ ಪೂರ್ತಿ ಕಟ್ಟಿ ಅಂತ ಒಂದೇ ಹಟ. ಪಾಪ, ಹೊಸಬಳು, ವ್ಯವಹಾರ ಗೊತ್ತಿಲ್ಲ. ಮೊದಲನೇ ಸಲಾನೇ ಪೂರ್ತಿ ಚುಕ್ತಾ ಮಾಡಿದ್ರೆ ಅವರೇನ್ ಅನ್ಕೋತಾರೆ? ಇವನಿಗೆ ನಮ್ ಸಹವಾಸ ಬೇಡ ಅನ್ಕೊಳಲ್ವಾ?"

ಆಗ ನನಗೆ ಹೊಳೆಯಿತು. ಮುಳಬಾಗಿಲಿನ ಹಗ್ಗದ ವ್ಯಾಪಾರಿ ಖುದ್ದೂಸ್ ಸಾಬರ ಜೊತೆ ಅಪ್ಪನ ಲೆಕ್ಕ ನಾನು ಹುಟ್ಟುವ ಮೊದಲಿನದು. ಎಷ್ಟೇ ಸರಕು ಬರಲಿ, ಎಷ್ಟೇ ಹಣ ಹೋಗಲಿ, ಕೊನೆಯಲ್ಲಿ ಐವತ್ತೊಂದು ರೂಪಾಯಿ ಬಾಕಿ ನಿಲ್ಲಲೇಬೇಕು. ಬಾಕಿ ಇದ್ದರೆ ಹೋಗಿಬರುವುದು ಇದೆ ಎಂದರ್ಥ. ಪೂರ್ತಿ ತೀರಿಸಿದರೆ ಇನ್ನು ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಅಪ್ಪ ಹಾಗೆ ಒಬ್ಬರದು ಮಾತ್ರ ತೀರಿಸಿದ್ದಾರೆ, ಕೊಳೆತ ಗೋಣಿ ಕಳಿಸಿ ಜಗಳಕ್ಕೆ ಬಂದ ಚಿಂತಾಮಣಿಯ ವ್ಯಾಪಾರಿಯದು.

"ಅಯ್ಯೋ ಅಪ್ಪಾ, ಅದು ಬ್ಯಾಂಕು! ಖುದ್ದೂಸ್ ಸಾಬರ ಅಂಗಡಿ ಅಲ್ಲ!"

"ಅದಿ ಕಾದಮ್ಮಾ, ಹಂಗಲ್ಲ," ಎಂದರು ಅಪ್ಪ. ಸಮಾಧಾನ ಮಾಡಬೇಕೆಂದಾಗೆಲ್ಲ ಅವರಿಗೆ ತೆಲುಗು ಬರುತ್ತದೆ. "ಅವರೂ ವ್ಯಾಪಾರ ಮಾಡೋರೇ ಅಲ್ವಾ? ಹೋಗ್ಲಿ ಬಿಡು, ಐವತ್ತೊಂದು ಬೇಕು ಅಂತ ಒಂದ್ ಮಾತು ಹೇಳಿ ಕಳಿಸಿದ್ರೆ ನಾನೇ ಹೋಗಿ ಕೊಟ್ಬರ್ತಿದ್ದೆ."

ಹೇಳಿ ಕಳಿಸಿದ್ದರು. ಬ್ಯಾಂಕಿನ ಆ ಮೆಸೇಜ್ ಗೋವಾ ಮತ್ತು ಚಿನ್ನದ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು, ನಾನು ಓದಿರಲಿಲ್ಲ. ಅದನ್ನು ನೆನೆದು ನನ್ನ ಸಿಟ್ಟು ಇನ್ನೂ ಏರಿತು.

ಮಧ್ಯಾಹ್ನ ರಜೆ ಹಾಕಿ ಬ್ಯಾಂಕಿಗೆ ಹೋದೆ. ಚಂದ್ರಮೋಹನ್ ನನ್ನ ಕತೆ ಕೇಳಿ ನಕ್ಕರು. ಅವರು ನಗದೆ ಇದ್ದಿದ್ದರೆ ಚೆನ್ನಾಗಿತ್ತು. "ದಂಡ ಬೇಕಾದ್ರೆ ವಾಪಸ್ ಮಾಡಿಸೋಣ ಮೇಡಂ, ಮೊದಲನೇ ಸಲ ಅಲ್ವಾ. ಆದ್ರೆ ಲೇಟ್ ಆಗಿದ್ದು ಆಗೋಯ್ತು. ಸಾಲದ ಫೈಲು ಈಗ ಮೇಲಕ್ಕೆ ಕಳಿಸಿದ್ರೆ ನಿಲ್ಲಲ್ಲ. ಈ ತಿಂಗಳಿಂದ ಮತ್ತೆ ಆರು ತಿಂಗಳು ಲೆಕ್ಕ ಇಟ್ಕೊಳ್ಳಿ."

"ನಮ್ಮಪ್ಪ ಮೋಸ ಮಾಡಿಲ್ಲ ಸಾರ್. ನಿಮಗೆ ಮರ್ಯಾದೆ ಕೊಟ್ಟಿದ್ದು."

"ಗೊತ್ತಾಗತ್ತೆ ಮೇಡಂ. ಕಂಪ್ಯೂಟರ್‌ಗೆ ಗೊತ್ತಾಗಲ್ಲ."

ಆಚೆ ಬಂದು ಮೆಟ್ಟಿಲ ಮೇಲೆ ನಿಂತೇ ಬಾಕಿಯನ್ನೆಲ್ಲ ಪೈಸೆ ಸಹಿತ ಫೋನಿನಲ್ಲಿ ಕಟ್ಟಿದೆ. ಇನ್ನು ಮೇಲೆ ಗಡುವಿನ ದಿನ ನನ್ನ ಖಾತೆಯಿಂದ ಪೂರ್ತಿ ಬಿಲ್ ತಾನಾಗಿಯೇ ಹೋಗುವ ಹಾಗೆ ಮಾಡಿದೆ. ಆದರೂ ಸಿಟ್ಟು ಇಳಿಯಲಿಲ್ಲ. ಲ್ಯಾಬಿಗೆಂದು ನೋಡಿಟ್ಟಿದ್ದ ಕೋಣೆ, ಯಂತ್ರ ಕೊಡುತ್ತೇನೆಂದವರು, ಎಲ್ಲರಿಗೂ ಇನ್ನೂ ಆರು ತಿಂಗಳು ಕಾಯಿರಿ ಎಂದು ಹೇಳಬೇಕು. ಇದಕ್ಕೆಲ್ಲ ಮೂಲ ಆ ಬಾಕಿ ಉಳಿಸುವ ಚಾಳಿ, ಅದನ್ನೇ ಬೇರುಸಹಿತ ಕಿತ್ತು ಹಾಕುತ್ತೇನೆ ಎಂದುಕೊಂಡೆ. ಅಂಗಡಿಯ ಹಣ ಕಳಿಸುವ ಕೆಲಸ ನನ್ನ ಫೋನಿನಲ್ಲೇ ಇತ್ತು. ಅದೇ ಸಿಟ್ಟಿನಲ್ಲಿ ಖುದ್ದೂಸ್ ಸಾಬರಿಗೂ ಐವತ್ತೊಂದು ರೂಪಾಯಿ ಕಳಿಸಿ, 'ಲೆಕ್ಕ ಪೂರ್ತಿ ಚುಕ್ತಾ' ಎಂದು ಬರೆದುಬಿಟ್ಟೆ.

ಮನೆಗೆ ಬಂದು ಅಪ್ಪನಿಗೆ ಎರಡನ್ನೂ ಹೇಳಿದೆ. ಬ್ಯಾಂಕಿನದು ಕೇಳುತ್ತಾ ಊಟ ಮುಂದುವರಿಸಿದರು. ಸಾಬರದು ಕೇಳಿದ ಮೇಲೆ ಊಟದ ತಟ್ಟೆ ಸರಿಸಿ ಎದ್ದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಹೇಳಬಹುದಿತ್ತು.

ಮರುದಿನ ನನ್ನ ವಾರದ ರಜೆ. ಬೆಳಿಗ್ಗೆ ಅಂಗಡಿಯಲ್ಲಿ ಗೋಣಿಚೀಲ ಎಣಿಸುತ್ತಿದ್ದೆ. ಮುಳಬಾಗಿಲಿನ ಬಸ್ಸಿಳಿದು ಖುದ್ದೂಸ್ ಸಾಬರು ಬಂದರು. ಮಂಡಿನೋವಿನ ಮನುಷ್ಯ, ಮದುವೆಗೆ ಕರೆದರೂ ಮೊಮ್ಮಗನನ್ನು ಕಳಿಸುವವರು. ಬಿಸಿಲಲ್ಲಿ ಕುಂಟುತ್ತಾ ಬಂದವರು ನೇರ ನನ್ನ ಮುಂದೆ ನಿಂತರು.

"ಅಣ್ಣ ಹೆಂಗಿದಾರಮ್ಮಾ?"

"ಚೆನ್ನಾಗಿದಾರಲ್ಲ ಸಾಬರೇ. ಒಳಗಿದಾರೆ."

ಅವರು ಅಲ್ಲೇ ಹಗ್ಗದ ಸುರುಳಿಯ ಮೇಲೆ ಕುಸಿದು ಕೂತರು. "ಯಾ ಅಲ್ಲಾ! ರಾತ್ರಿಯೆಲ್ಲಾ ನಿದ್ದೆ ಇಲ್ಲ ನಂಗೆ. ಫೋನ್ ಮಾಡಿ ಕೇಳೋಕೂ ಧೈರ್ಯ ಬರ್ಲಿಲ್ಲ. ಅಣ್ಣ ಹೋಗ್ಬಿಟ್ರು, ಮಗಳು ಲೆಕ್ಕ ತೀರಿಸ್ತಾ ಇದಾಳೆ ಅನ್ಕೊಂಡೆ."

ಅಪ್ಪ ಒಳಗಿಂದ ಬಂದರು. ಸಾಬರು ಅವರ ಎರಡೂ ಕೈ ಹಿಡಿದುಕೊಂಡು, "ಬದುಕಿದೀರಾ, ಸರಿ. ಹಂಗಾದ್ರೆ ನಂದೇನ್ ತಪ್ಪಾಯ್ತು, ಅದ್ ಹೇಳಿ" ಎಂದರು. ಅಪ್ಪನ ಕಣ್ಣು ತುಂಬಿತು. ನಾನು ಮಾಡಿದ್ದು ಎಂದು ಅಪ್ಪ ಹೇಳಲಿಲ್ಲ. ನಾನೇ ಹೇಳಿದೆ, ಕಾರ್ಡಿನಿಂದ ಹಿಡಿದು ಎಲ್ಲವನ್ನೂ. ನಾಚಿಕೆಯಿಂದ ಮುಖ ಸುಡುತ್ತಿತ್ತು, ಆದರೂ ದನಿ ಮಾತ್ರ ಸಿಟ್ಟಿನದೇ ಇತ್ತು.

ಸಾಬರು ಪೂರ್ತಿ ಕೇಳಿ ನಕ್ಕರು. ಅವರು ನಕ್ಕಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಟೀ ಕುಡಿದರು. ಮಂಡಿನೋವಿಗೆ ಯಾವ ಟೆಸ್ಟ್ ಮಾಡಿಸಬೇಕೆಂದು ಕೇಳಿದರು, ಲ್ಯಾಬ್ ತೆರೆದ ದಿನ ಮೊದಲ ಗಿರಾಕಿ ತಾನೇ ಎಂದರು. ಹೊರಡುವಾಗ, ನಾಳೆ ಗಾಡಿಯಲ್ಲಿ ತೆಂಗಿನ ನಾರಿನ ಹಗ್ಗ ಬರುತ್ತದೆ, ಹಣದ ಮಾತು ಈಗ ಬೇಡ ಎಂದು ಅಪ್ಪನಿಗೆ ಗದರಿದರು. ಅಪ್ಪ ಅವರನ್ನು ಬಸ್ಸು ಹತ್ತಿಸಿ ಬಂದು ನನ್ನೆದುರು ಕೂತರು.

"ಬ್ಯಾಂಕಿಂದೂ ನಿನ್ನೇನೇ ಪೂರ್ತಿ ತೀರಿಸ್ದೆ ಅಲ್ವಾ?"

"ಹೂಂ. ಒಂದು ಪೈಸೆ ಬಿಡದಂಗೆ."

"ಅಲ್ಲಿಂದ ಯಾರಾದ್ರೂ ಬಂದಿದ್ರಾ, ಯಾಕಮ್ಮಾ ಏನಾಯ್ತು ಅಂತ?"

"ಬ್ಯಾಂಕಿನೋರು ಯಾಕಪ್ಪಾ ಬರ್ತಾರೆ?"

"ಅಂಥೋರ್ ಹತ್ರ ಹೋಗಿ ಸಾಲ ಕೇಳ್ತೀಯಾ?"

ನನಗೆ ಮತ್ತೆ ಸಿಟ್ಟು ಬಂತು. ಲ್ಯಾಬ್ ನನಗೆ ಬೇಕೇ ಬೇಕಿತ್ತು. "ಕೇಳ್ತೀನಿ. ಅವರ ಹತ್ರಾನೇ ಕೇಳ್ತೀನಿ," ಎಂದೆ.

ಅಪ್ಪ ಅಂಗಿಯ ಜೇಬಿನಿಂದ ಕಾರ್ಡ್ ತೆಗೆದು ನನ್ನ ಕೈಗೆ ಇಟ್ಟರು.

"ಹಂಗಾದ್ರೆ ಇದು ನನ್ ಹತ್ರ ಇರೋದ್ ಬೇಡ ಕಣಮ್ಮಾ. ಜಗಳ ಆಡ್ದೇ ಇರೋರಿಗೆ ಪೂರ್ತಿ ಕೊಡೋದು ನನ್ ಕೈಲಿ ಆಗಲ್ಲ."